ಚೀಟಿ ಇಲ್ಲದೆ ಈ ಗುಳಿಗೆ ಯಾಕೆ ಕೊಡಲ್ಲ? ಸಿಂಧನೂರಿನ ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿಂಧನೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ಕೆಳಗಿನ ಪ್ರಶ್ನೆಗಳನ್ನು ಜನ ದಿನಾ ಕೇಳುತ್ತಾರೆ. ಕೆಲವರು ಸಿಟ್ಟಿನಿಂದ, ಕೆಲವರು ಕೈಮುಗಿದು. ಕೌಂಟರ್ ಮುಂದೆ ನಾಲ್ಕು ಜನ ನಿಂತಿರುವಾಗ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅರ್ಧ ಉತ್ತರ ಕೇಳಿದವರು ಬೇಸರ ಮಾಡಿಕೊಂಡು ಹೋಗುತ್ತಾರೆ. ಅದಕ್ಕೇ ಸಮಾಧಾನವಾಗಿ ಕೂತು ಬರೆದಿದ್ದೇನೆ.

ಜ್ವರದ ಗುಳಿಗೆ ಕೇಳಿದರೆ ಸುಮ್ನೆ ಕೊಡುತ್ತೀರಿ. ನಿದ್ದೆ ಗುಳಿಗೆ ಕೇಳಿದರೆ ಚೀಟಿ ತನ್ನಿ ಅಂತೀರಿ. ಯಾಕೆ?

ಎಲ್ಲ ಗುಳಿಗೆಗೂ ಒಂದೇ ನಿಯಮ ಇಲ್ಲ. ನಮ್ಮ ದೇಶದಲ್ಲಿ ಔಷಧಿ ಮಾರಾಟ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಮತ್ತು 1945ರ ನಿಯಮಗಳ ಪ್ರಕಾರ ನಡೆಯುತ್ತದೆ. ಆ ನಿಯಮಗಳಲ್ಲಿ ಔಷಧಿಗಳನ್ನು ಪಟ್ಟಿ ಮಾಡಿದ್ದಾರೆ. ಡಾಕ್ಟರ ಚೀಟಿ ಬೇಕೇ ಬೇಕು ಎನ್ನುವ ಪಟ್ಟಿಗಳು ಮೂರು. ಒಂದು ಶೆಡ್ಯೂಲ್ ಎಚ್. ಇದರಲ್ಲಿ ನೂರಾರು ಔಷಧಿಗಳಿವೆ. ಎರಡನೆಯದು ಶೆಡ್ಯೂಲ್ ಎಚ್1. ಇದು ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ, ಆಗ ಇದರಲ್ಲಿ 46 ಔಷಧಿಗಳಿದ್ದವು. ಮೂರನೆಯದು ಶೆಡ್ಯೂಲ್ ಎಕ್ಸ್, ಎಲ್ಲಕ್ಕಿಂತ ಬಿಗಿ.

ನಿದ್ದೆಗೆ, ಗಾಬರಿಗೆ ಕೊಡುವ ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಎಲ್ಲವೂ ಎಚ್1ನಲ್ಲಿವೆ. ಟ್ರಮಡಾಲ್, ಕೊಡೀನ್, ಪೆಂಟಾಜೋಸಿನ್‌ನಂಥ ನೋವಿನ ಔಷಧಿಗಳೂ ಇವೆ. ಸೆಫಿಕ್ಸಿಮ್, ಲೀವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳು ಮತ್ತು ಟಿಬಿ ಔಷಧಿಗಳು ಕೂಡ ಅದೇ ಪಟ್ಟಿಯಲ್ಲಿವೆ.

ಇದರ ಮೇಲೆ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ, ಅಫೀಮಿನ ಕೇಸು ಹಾಕುವುದು ಇದೇ ಕಾಯ್ದೆಯಲ್ಲಿ. ಆಲ್ಪ್ರಜೋಲಾಮ್, ಡಯಾಜೆಪಾಮ್ ಇದರೊಳಗೂ ಬರುತ್ತವೆ. ಟ್ರಮಡಾಲ್ 2018ರ ಏಪ್ರಿಲ್‌ನಿಂದ ಸೇರಿತು. ಅಂದರೆ ಒಂದೇ ಗುಳಿಗೆಯ ಮೇಲೆ ಎರಡು ಕಾಯ್ದೆಗಳ ಕಣ್ಣು.

ಸ್ಟ್ರಿಪ್ ನೋಡಿ ನಾವೇ ಗುರುತು ಹಿಡಿಯಬಹುದೇ?

ಹಿಡಿಯಬಹುದು. ಮೇಲಿನ ಎಡಮೂಲೆ ನೋಡಿ. ಬರೀ ಆರ್‌ಎಕ್ಸ್ (Rx) ಇದ್ದರೆ ಶೆಡ್ಯೂಲ್ ಎಚ್. ಕೆಂಪಕ್ಷರದ ಆರ್‌ಎಕ್ಸ್ ಮತ್ತು ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಎಚ್1. ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ (NRx) ಇದ್ದರೆ ಅದು ಎನ್‌ಡಿಪಿಎಸ್ ಕಾಯ್ದೆಯೊಳಗಿನದು. ಎಕ್ಸ್‌ಆರ್‌ಎಕ್ಸ್ (XRx) ಇದ್ದರೆ ಶೆಡ್ಯೂಲ್ ಎಕ್ಸ್. ಓದು ಬರದ ಅಜ್ಜ ಅಜ್ಜಿಯರಿಗೆ ನಾನು ಹೇಳುವುದು ಇಷ್ಟೇ: ಕೆಂಪು ಗೆರೆ ಕಂಡರೆ ಡಾಕ್ಟರನ್ನು ಕೇಳದೆ ನುಂಗಬೇಡಿ.

ಚೀಟಿಯಲ್ಲಿ ಏನೇನು ಇರಬೇಕು?

ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಯಾವ ಔಷಧಿ, ಒಟ್ಟು ಎಷ್ಟು, ಹೇಗೆ ತೆಗೆದುಕೊಳ್ಳಬೇಕು. ಡಾಕ್ಟರ ನೋಂದಣಿ ಸಂಖ್ಯೆಯೂ ಇರಬೇಕು. ನಮ್ಮ ಕಡೆ ಜಾಸ್ತಿ ಬಿಟ್ಟುಹೋಗುವುದು ಒಟ್ಟು ಎಷ್ಟು ಎನ್ನುವುದು. 'ರಾತ್ರಿ ಒಂದು' ಎಂದು ಬರೆದಿರುತ್ತಾರೆ, ಎಷ್ಟು ದಿನ ಎಂದು ಇರುವುದಿಲ್ಲ. ಆಗ ನಾನು ಊಹೆ ಮಾಡಿ 30 ಗುಳಿಗೆ ಎಣಿಸಿ ಕೊಡುವ ಹಾಗಿಲ್ಲ. ಡಾಕ್ಟರಿಗೆ ಫೋನ್ ಹಚ್ಚುತ್ತೇನೆ, ಇಲ್ಲವೇ ನಿಮ್ಮನ್ನೇ ವಾಪಸ್ ಕಳಿಸುತ್ತೇನೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದವರನ್ನು ಹಾಗೆ ಕಳಿಸುವುದು ನನಗೂ ಸಂಕಟ. ಹಾಗಾಗಿ ಡಾಕ್ಟರ ಕೋಣೆಯಿಂದ ಹೊರಗೆ ಬರುವ ಮೊದಲೇ 'ಎಷ್ಟು ದಿನದ್ದು ಬರೆದಿದ್ದೀರಿ ಸರ್, ನನ್ನ ಹೆಸರು ಹಾಕಿದ್ದೀರಾ' ಎಂದು ಕೇಳಿಬಿಡಿ.

ನಮ್ಮೂರ ಆರ್‌ಎಂಪಿ ಡಾಕ್ಟರು ಬರೆದುಕೊಟ್ಟ ಚೀಟಿ ನಡೆಯುತ್ತದೆಯೇ?

ಇಲ್ಲಿ ಒಂದು ಪದದಿಂದ ದೊಡ್ಡ ಗೊಂದಲ ಆಗಿದೆ. ಕಾಯ್ದೆಯ ಪುಸ್ತಕದಲ್ಲಿ ಆರ್‌ಎಂಪಿ ಅಂದರೆ ನೋಂದಾಯಿತ ವೈದ್ಯರು, ಅಂದರೆ ಓದಿ, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸಿಕೊಂಡವರು. ನಮ್ಮ ರಾಯಚೂರು ಸೀಮೆಯಲ್ಲಿ, ಪಕ್ಕದ ತೆಲಂಗಾಣ, ಆಂಧ್ರದಲ್ಲಿ ಆರ್‌ಎಂಪಿ ಅಂದರೆ ಊರಲ್ಲಿ ಸೂಜಿ ಮಾಡುವವರು, ಸಲೈನ್ ಹಚ್ಚುವವರು. ಎರಡೂ ಒಂದೇ ಅಕ್ಷರ, ಅರ್ಥ ಮಾತ್ರ ಪೂರ್ತಿ ಬೇರೆ. ನೋಂದಣಿ ಇಲ್ಲದವರ ಚೀಟಿಗೆ ಈ ಔಷಧಿಗಳನ್ನು ಕೊಡಲು ಬರುವುದಿಲ್ಲ. ಮಧ್ಯರಾತ್ರಿ ಮನೆಗೆ ಬಂದು ನೋಡುವವರು ಅವರೇ ಎನ್ನುವುದು ನನಗೆ ಗೊತ್ತು. ಆದರೂ ಈ ಪಟ್ಟಿಯ ಔಷಧಿಗಳ ವಿಷಯದಲ್ಲಿ ಅವರ ಮಾತಿಗೆ ನಾನು ಕೊಟ್ಟರೆ ತಪ್ಪು ನನ್ನದೇ.

ಹಲ್ಲಿನ ಡಾಕ್ಟರು ಹಲ್ಲಿನ ಚಿಕಿತ್ಸೆಗೆ, ಪಶುವೈದ್ಯರು ದನಕರುಗಳಿಗೆ ಬರೆಯಬಹುದು. ಎಮ್ಮೆಗೆಂದು ಬರೆದ ಚೀಟಿಯ ಔಷಧಿಯನ್ನು ಮನುಷ್ಯರು ತೆಗೆದುಕೊಳ್ಳಬಾರದು.

ಹೈದರಾಬಾದ್, ಕರ್ನೂಲು ಡಾಕ್ಟರ ಚೀಟಿ ಇಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ. ನೋಂದಾಯಿತ ವೈದ್ಯರು ಯಾವ ರಾಜ್ಯದವರಾದರೂ ಸರಿ. ಚೀಟಿ ಮಾತ್ರ ಮೂಲದ್ದೇ ಇರಲಿ.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಸಾಲದೇ? ಡಾಕ್ಟರು ಫೋನಿನಲ್ಲೇ ಹೇಳಿದ್ದಾರೆ.

ಚೀಟಿ ಬರಹದಲ್ಲಿರಬೇಕು, ಸಹಿ ಇರಬೇಕು ಎನ್ನುತ್ತದೆ ನಿಯಮ. ಬಾಯಿಮಾತು ಚೀಟಿ ಆಗುವುದಿಲ್ಲ. ಮೊಬೈಲಿನ ಫೋಟೋವನ್ನು ಹತ್ತು ಅಂಗಡಿಗೆ ತೋರಿಸಿ ಹತ್ತು ಸಲ ಔಷಧಿ ಪಡೆಯಬಹುದು, ಅಲ್ವಾ? ಅದಕ್ಕೇ ಎಚ್1 ಔಷಧಿಗೆ ನಾನು ಫೋಟೋ ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೂ ಶೆಡ್ಯೂಲ್ ಎಕ್ಸ್ ಮತ್ತು ಮಾರ್ಫಿನ್‌ನಂಥ ಔಷಧಿಗಳನ್ನು ದೂರದಿಂದಲೇ ಬರೆದುಕೊಡಬಾರದು ಎಂದಿದೆ.

ಹೋದ ವರ್ಷದ ಚೀಟಿ ಇದೆ. ಅದರ ಮೇಲೆಯೇ ಮತ್ತೆ ಕೊಡಿ ಅಣ್ಣಾ.

ಎಷ್ಟು ಸಲ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಆ ಚೀಟಿಗೆ ಒಂದೇ ಸಲ ಔಷಧಿ. 'ಮೂರು ತಿಂಗಳು, ತಿಂಗಳಿಗೊಮ್ಮೆ' ಎಂದು ಬರೆದಿದ್ದರೆ ಅಷ್ಟು ಸಲ ಕೊಡಬಹುದು. ಕೊಟ್ಟಾಗಲೆಲ್ಲ ಅಂಗಡಿಯ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ ನಮೂದಿಸಬೇಕು. ನಾನು ಮುದ್ರೆ ಒತ್ತಿದಾಗ 'ಚೀಟಿ ಕೆಡಿಸಿದಿರಿ' ಎಂದು ಬೇಜಾರಾಗಬೇಡಿ. ಆ ಮುದ್ರೆ ಇರುವುದರಿಂದಲೇ ಮುಂದಿನ ಸಲ ಲೆಕ್ಕ ಸರಿಯಾಗಿ ಸಿಗುತ್ತದೆ.

ಚೀಟಿಯಲ್ಲಿ 10ನ್ನು 40 ಮಾಡಿಕೊಂಡು ತಂದವರನ್ನೂ ನೋಡಿದ್ದೇನೆ. ಪೆನ್ನಿನ ಬಣ್ಣ ಬೇರೆ ಇತ್ತು. ಆ ಹುಡುಗನಿಗೆ ಬೈಯಲು ಮನಸ್ಸಾಗಲಿಲ್ಲ, ಕೈ ನಡುಗುತ್ತಿತ್ತು. ಒಳಗೆ ಕೂರಿಸಿ ನೀರು ಕೊಟ್ಟು ಅವನ ಅಕ್ಕನಿಗೆ ಫೋನ್ ಮಾಡಿಸಿದೆ.

ಪುಸ್ತಕದಲ್ಲಿ ನಮ್ಮ ಹೆಸರು ಯಾಕೆ ಬರೆಯುತ್ತೀರಿ? ಪೊಲೀಸರಿಗೆ ಕೊಡುತ್ತೀರಾ?

ಎಚ್1 ಔಷಧಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಬರೆದ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು, ಇಷ್ಟನ್ನೂ ಕೊಡುವಾಗಲೇ ಬರೆಯಬೇಕು. ಆ ಪುಸ್ತಕ ಮೂರು ವರ್ಷ ಇರಬೇಕು. ಔಷಧ ಇಲಾಖೆಯ ಪರಿವೀಕ್ಷಕರು ಬಂದಾಗ ತೋರಿಸಬೇಕು. ನಾವು ಖರೀದಿಸಿದ್ದೆಷ್ಟು, ಮಾರಿದ್ದೆಷ್ಟು, ಉಳಿದಿದ್ದೆಷ್ಟು ಎಂದು ಅವರು ತಾಳೆ ನೋಡುತ್ತಾರೆ. ಅಂಗಡಿಯವನ ಲೆಕ್ಕ ಹಿಡಿಯಲು ಇರುವ ಪುಸ್ತಕ ಅದು. ಪಕ್ಕದ ಮನೆಯವರಿಗೆ ನಿಮ್ಮ ಗುಳಿಗೆಯ ಸುದ್ದಿ ಹೇಳುವ ಹಕ್ಕು ನನಗಿಲ್ಲ. ನೆರೆದವರ ಎದುರು ನಿಮ್ಮ ಔಷಧಿಯ ಹೆಸರನ್ನು ಗಟ್ಟಿಯಾಗಿ ಕೂಗುವುದೂ ತಪ್ಪು. ನಮ್ಮ ಹುಡುಗರು ಹಾಗೆ ಮಾಡಿದರೆ ನನಗೆ ಹೇಳಿ.

ಪದೇ ಪದೇ ಬರಲು ಆಗುವುದಿಲ್ಲ. ಆರು ತಿಂಗಳದ್ದು ಒಟ್ಟಿಗೆ ಒಯ್ಯಬಹುದೇ?

ಎನ್‌ಡಿಪಿಎಸ್ ಪಟ್ಟಿಯ ಮನೋಪರಿಣಾಮಿ ಔಷಧಿಗಳಿಗೆ, ಅಂದರೆ ಆಲ್ಪ್ರಜೋಲಾಮ್, ಟ್ರಮಡಾಲ್‌ನಂಥವಕ್ಕೆ, ಮಿತಿ ಇದೆ. ಒಬ್ಬರ ಹತ್ತಿರ ಒಮ್ಮೆಗೆ 100 ಗುಳಿಗೆಗಿಂತ ಹೆಚ್ಚು ಇರಬಾರದು. ದೀರ್ಘಕಾಲದ ಕಾಯಿಲೆಗೆ ಡಾಕ್ಟರು ವಿಶೇಷವಾಗಿ ಬರೆದುಕೊಟ್ಟರೆ 300ರ ತನಕ ಇಟ್ಟುಕೊಳ್ಳಬಹುದು. ಊರಿಂದೂರಿಗೆ ಹೋಗುವಾಗ ಚೀಟಿ ಮತ್ತು ಬಿಲ್ಲನ್ನು ಗುಳಿಗೆಯ ಜೊತೆಗೇ ಇಟ್ಟುಕೊಳ್ಳಿ. ಹಾಗೆಯೇ, ಬಿಲ್ ಕೊಡದ ಅಂಗಡಿಯಲ್ಲಿ ಇಂಥ ಔಷಧಿ ಕೊಳ್ಳಬೇಡಿ.

ಬರೆದ ಕಂಪನಿಯದ್ದು ಇಲ್ಲ ಅಂತೀರಿ. ಅದೇ ಔಷಧಿ ಬೇರೆ ಕಂಪನಿಯದ್ದು ಕೊಡಬಹುದಲ್ಲ?

ಡಾಕ್ಟರು ಕಂಪನಿಯ ಹೆಸರು ಬರೆದಿದ್ದರೆ ನಾನಾಗಿಯೇ ಬದಲಿಸುವ ಹಾಗಿಲ್ಲ, ಒಳಗಿರುವ ಔಷಧಿ ಒಂದೇ ಆದರೂ. ಮೂಲ ಔಷಧಿಯ ಹೆಸರು ಬರೆದಿದ್ದರೆ ಯಾವ ಕಂಪನಿಯದ್ದಾದರೂ ಕೊಡಬಹುದು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗಬೇಕೆಂದರೆ ಮೂಲ ಹೆಸರನ್ನೇ ಬರೆಯಲು ಡಾಕ್ಟರನ್ನು ಕೇಳಿ.

ಭತ್ತದ ನಾಟಿ, ಕಟಾವು ಬಂದರೆ ಮೈಕೈ ನೋವು. ಒಂದು ಗುಳಿಗೆ ಕೊಟ್ಟರೆ ದಿನವಿಡೀ ದುಡಿಯುತ್ತೇವೆ. ಕೊಟ್ಟರೇನು ತಪ್ಪು?

ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳ ನಡು, ಮೂಟೆ ಹೊರುವ ಹಮಾಲರ ಭುಜ ಏನಾಗಿರುತ್ತದೆ ಎಂದು ನನಗೆ ಹೇಳಿಕೊಡಬೇಕಿಲ್ಲ. ನನ್ನ ಅವ್ವನೂ ನಾಟಿ ಹಚ್ಚಿದವಳೇ. ಸಂಡೂರಿನ ಅದಿರು ಲಾರಿ ಓಡಿಸುವವರೂ ಇದನ್ನೇ ಕೇಳುತ್ತಾರೆ. ನೋವು ಸುಳ್ಳಲ್ಲ.

ಆದರೆ ಅವರು ಕೇಳುವ 'ಒಂದು ಗುಳಿಗೆ' ಬಹಳ ಸಲ ಟ್ರಮಡಾಲ್ ಬೆರೆತದ್ದಾಗಿರುತ್ತದೆ. ಅದು ಅಫೀಮಿನ ಜಾತಿಯ ಔಷಧಿ. ಮೊದಲು ನೋವು ಹೋಗುತ್ತದೆ, ಮೈ ಹಗುರ ಅನಿಸುತ್ತದೆ. ಕೆಲವು ವಾರ ಬಿಡದೆ ತೆಗೆದುಕೊಂಡರೆ ಒಂದು ಸಾಲದು, ಎರಡು ಬೇಕು. ಬಿಟ್ಟ ದಿನ ಮೈ ಇನ್ನೂ ಜಾಸ್ತಿ ನೋಯುತ್ತದೆ, ಬೆವರುತ್ತದೆ, ಹೊಟ್ಟೆ ಕೆಡುತ್ತದೆ. ಆಗ ನೋವಿಗೆಂದು ನುಂಗುತ್ತಿದ್ದೇವೋ ಗುಳಿಗೆಗೆಂದೇ ನುಂಗುತ್ತಿದ್ದೇವೋ ತಿಳಿಯದ ಹಾಗಾಗುತ್ತದೆ. ಪ್ರಮಾಣ ಹೆಚ್ಚಾದರೆ ಮೂರ್ಛೆ ಬರಬಹುದು. ಮೊದಲೇ ಮೂರ್ಛೆರೋಗ ಇದ್ದವರಿಗೆ, ಖಿನ್ನತೆಯ ಕೆಲವು ಔಷಧಿ ನುಂಗುವವರಿಗೆ ಅಪಾಯ ಇನ್ನೂ ಜಾಸ್ತಿ. ಸ್ಟೀರಿಂಗ್ ಹಿಡಿದವರಿಗೆ ತೂಕಡಿಕೆ ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕೇ?

ಇದನ್ನು ಡಾಕ್ಟರು ಬರೆಯಬಾರದು ಅಂತಲ್ಲ. ಆಪರೇಷನ್ ಆದವರಿಗೆ, ಮೂಳೆ ಮುರಿದವರಿಗೆ ಕೆಲವು ದಿನಕ್ಕೆ ಬರೆಯುತ್ತಾರೆ, ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಚೀಟಿ ತನ್ನಿ, ಎಣಿಸಿ ಕೊಡುತ್ತೇನೆ.

ನಮ್ಮಪ್ಪ ಸೇಂದಿ ಕುಡಿಯುವುದು ಬಿಟ್ಟ. ಎರಡು ದಿನದಿಂದ ನಿದ್ದೆ ಇಲ್ಲ, ಏನೇನೋ ಮಾತಾಡುತ್ತಾನೆ. ನಿದ್ದೆ ಗುಳಿಗೆ ಕೊಡಿ.

ಈ ಪ್ರಶ್ನೆ ಬಂದಾಗ ನಾನು ಬೇರೆ ಗಿರಾಕಿಗಳನ್ನು ನಿಲ್ಲಿಸಿ ಮಾತಾಡುತ್ತೇನೆ.

ನಮ್ಮ ಜಿಲ್ಲೆಯ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಇರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಆಲ್ಪ್ರಜೋಲಾಮ್ ಬೆರೆಸುವುದೂ ಉಂಟು, ಗಡಿಯಾಚೆ ತೆಲಂಗಾಣದಲ್ಲೂ ಇದೇ ಕತೆ. ಅಂದರೆ ನಿಮ್ಮಪ್ಪ ವರ್ಷಗಟ್ಟಲೆ ಕುಡಿದದ್ದು ಮರದ ಸೇಂದಿ ಅಲ್ಲ. ಚೀಟಿ ಇಲ್ಲದ, ಅಳತೆ ಇಲ್ಲದ ನಿದ್ದೆ ಔಷಧಿ. ಅದು ಒಮ್ಮೆಲೇ ನಿಂತರೆ ಮಿದುಳು ತಡೆಯುವುದಿಲ್ಲ. ನಡುಕ, ನಿದ್ದೆಗೇಡು, ಗಾಬರಿ, ಇಲ್ಲದ್ದು ಕಾಣುವುದು, ಕೊನೆಗೆ ಮೂರ್ಛೆ. ಇದನ್ನು ಗಾಳಿ ಸೋಕಿದೆ ಎಂದು ದೇವರ ಹತ್ತಿರ ಕರೆದುಕೊಂಡು ಹೋಗಿ ಎರಡು ದಿನ ಕಳೆದವರನ್ನು ಕಂಡಿದ್ದೇನೆ.

ನಾನು ಒಂದು ಸ್ಟ್ರಿಪ್ ಕೈಗಿಟ್ಟರೆ ಏನಾಗುತ್ತದೆ? ಕಡಿಮೆ ಕೊಟ್ಟರೆ ಮೂರ್ಛೆ ನಿಲ್ಲದು. ಜಾಸ್ತಿ ನುಂಗಿ ಮೇಲೆ ಮತ್ತೆ ಸೇಂದಿ ಕುಡಿದರೆ ಉಸಿರೇ ನಿಲ್ಲಬಹುದು. ಎಷ್ಟು ಕೊಡಬೇಕು, ದಿನದಿಂದ ದಿನಕ್ಕೆ ಹೇಗೆ ಇಳಿಸಬೇಕು ಎನ್ನುವುದನ್ನು ರೋಗಿಯ ಪಕ್ಕ ನಿಂತು ನೋಡುವ ಡಾಕ್ಟರೇ ಹೇಳಬೇಕು. ತಡ ಮಾಡದೆ ತಾಲೂಕು ಆಸ್ಪತ್ರೆಗೆ ಒಯ್ಯಿರಿ. ಮೂರ್ಛೆ ಬಂದರೆ 108ಕ್ಕೆ ಫೋನ್ ಮಾಡಿ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೂ ಹೋಗಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಮಾತಾಡಲು ಯಾರೂ ಇಲ್ಲ ಅನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡು ವರ್ಷದಿಂದ ನಿದ್ದೆ ಗುಳಿಗೆ ನುಂಗುತ್ತಿದ್ದೇನೆ. ಇದನ್ನೆಲ್ಲ ಓದಿ ಹೆದರಿಕೆ ಆಯಿತು. ಇವತ್ತೇ ಬಿಟ್ಟುಬಿಡಲೇ?

ಬೇಡ, ದಯವಿಟ್ಟು ಬೇಡ. ಮೇಲೆ ಹೇಳಿದ ತೊಂದರೆಯೇ ನಿಮಗೂ ಆಗಬಹುದು. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ 'ಕಡಿಮೆ ಮಾಡಬೇಕು ಅಂದುಕೊಂಡಿದ್ದೇನೆ' ಎನ್ನಿ. ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ ಮಗನಿಗೆ ಬರೆದ ಮೀಥೈಲ್‌ಫೆನಿಡೇಟ್ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ.

ಅದು ಶೆಡ್ಯೂಲ್ ಎಕ್ಸ್. ಸಾಮಾನ್ಯ ಔಷಧಿ ಅಂಗಡಿಗೆ ಇರುವ ಫಾರ್ಮ್ 20, 21ರ ಲೈಸೆನ್ಸ್ ಇದಕ್ಕೆ ಸಾಲದು. 20-ಎಫ್ ಎನ್ನುವ ಬೇರೆ ಲೈಸೆನ್ಸ್ ಬೇಕು. ಔಷಧಿಯನ್ನು ಬೀಗ ಹಾಕಿದ ಪ್ರತ್ಯೇಕ ಕಪಾಟಿನಲ್ಲಿ ಇಡಬೇಕು. ಚೀಟಿ ಎರಡು ಪ್ರತಿ ಇರಬೇಕು. ಅದರಲ್ಲಿ ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಸಣ್ಣ ಊರಲ್ಲಿ ಈ ತಾಪತ್ರಯ ಬೇಡ ಎಂದು ಬಹಳ ಅಂಗಡಿಯವರು ಲೈಸೆನ್ಸ್ ತೆಗೆದುಕೊಳ್ಳುವುದಿಲ್ಲ. ನನ್ನ ಹತ್ತಿರವೂ ಇಲ್ಲ. ಎಲ್ಲಿ ಸಿಗುತ್ತದೆ ಎಂದು ಬರೆದ ಡಾಕ್ಟರನ್ನೇ ಕೇಳಿ, ಎರಡು ಪ್ರತಿ ಬರೆಸಿಕೊಂಡೇ ಹೊರಡಿ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬೇಕು. ನಿಮ್ಮಲ್ಲಿ ಸಿಗುತ್ತದೆಯೇ?

ಇಲ್ಲ. ಆದರೆ 'ಇಲ್ಲ' ಎಂದಷ್ಟೇ ಹೇಳಿ ಕಳಿಸಲು ನನಗೆ ಮನಸ್ಸಿಲ್ಲ.

ನಮ್ಮ ಸೋದರಮಾವನಿಗೆ ಗಂಟಲು ಕ್ಯಾನ್ಸರ್ ಆಗಿತ್ತು. ಕೊನೆಯ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಮಾರ್ಫಿನ್ ಕೇಳಿದೆವು. 'ಅದೆಲ್ಲ ಪೊಲೀಸ್ ಕೇಸ್ ಆಗುವಂಥದ್ದು, ನಾವು ಇಡುವುದಿಲ್ಲ' ಎಂದು ಕಳಿಸಿದರು. ನಾನೇ ಫಾರ್ಮಸಿಸ್ಟ್, ನನಗೂ ಆಗ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆ ಗಿಲ್ಟು ಇವತ್ತಿಗೂ ಹೋಗಿಲ್ಲ. ಅದಕ್ಕೇ ಈ ಉತ್ತರ ಉದ್ದ.

ಮಾರ್ಫಿನ್ ನಿಷೇಧಿತ ಔಷಧಿ ಅಲ್ಲ. ಎನ್‌ಡಿಪಿಎಸ್ ಕಾಯ್ದೆಯೇ ಚಿಕಿತ್ಸೆಗೆ ಅವಕಾಶ ಇಟ್ಟಿದೆ. ಮೊದಲು ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕೆಂದರೆ ಬೇರೆ ಬೇರೆ ಇಲಾಖೆಗಳಿಂದ ಹಲವು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2015ರಲ್ಲಿ ಹೊಸ ನಿಯಮ ಬಂತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಎಂಬ ಆರನ್ನು ಅಗತ್ಯ ನಾರ್ಕೋಟಿಕ್ ಔಷಧಿಗಳೆಂದು ಹೆಸರಿಸಿದರು. ಈಗ ರಾಜ್ಯದ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಒಂದು ಮಾನ್ಯತೆ ಪಡೆದರೆ ಸಾಕು. ನೋವು ಶಮನದಲ್ಲಿ ತರಬೇತಿ ಪಡೆದ ಡಾಕ್ಟರು ಅಲ್ಲಿರಬೇಕು, ಲೆಕ್ಕ ಇಡಬೇಕು.

ನೀವು ಮಾಡಬೇಕಾದದ್ದು ಇದು. ಕ್ಯಾನ್ಸರ್ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ 'ನೋವು ಶಮನ ವಿಭಾಗ ಎಲ್ಲಿದೆ, ನಿಮಗೆ ಮಾರ್ಫಿನ್ ಕೊಡುವ ಮಾನ್ಯತೆ ಇದೆಯೇ' ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಇರುವ ಕಡೆಗೆ ಬರೆದುಕೊಡಲು ಹೇಳಿ. ನಮ್ಮ ಭಾಗದವರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಅಲ್ಲಿನ ಡಾಕ್ಟರನ್ನು ಕೇಳಿ. ಪ್ರತಿ ಸಲ ರೋಗಿಯನ್ನೇ ಹೊತ್ತುಕೊಂಡು ಹೋಗಬೇಕೇ, ಮನೆಯವರು ಕಾಗದಪತ್ರ ಹಿಡಿದು ಹೋದರೆ ಸಾಕೇ ಎನ್ನುವುದನ್ನೂ ಅಲ್ಲೇ ಬಗೆಹರಿಸಿಕೊಳ್ಳಿ.

'ಚಟ ಹತ್ತುತ್ತದೆ' ಎಂದು ಮನೆಯ ಹಿರಿಯರು ತಡೆಯುತ್ತಾರೆ. ಕ್ಯಾನ್ಸರ್ ನೋವಿಗೆ ಡಾಕ್ಟರು ಅಳೆದು ಕೊಟ್ಟ ಮಾರ್ಫಿನ್ ರೋಗಿಗೆ ನಿದ್ದೆ ಕೊಡುತ್ತದೆ, ಎರಡು ತುತ್ತು ಉಣ್ಣಲು ಬಿಡುತ್ತದೆ. ಸಾಮಾನ್ಯ ಗುಳಿಗೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ನೋವು ತಡೆಯಲಾಗದಷ್ಟು ಏರುವ ತನಕ ಕಾಯಬೇಡಿ, ಹೇಳಿದ ಹೊತ್ತಿಗೆ ಕೊಡಿ. ಮಲಬದ್ಧತೆ ಬಂದೇ ಬರುತ್ತದೆ, ಅದಕ್ಕೂ ಔಷಧಿ ಕೇಳಿ ತನ್ನಿ.

ಸರಿಯಾದ ಚೀಟಿ ಇದ್ದರೂ ಅಂಗಡಿಯವರು 'ಈ ಗುಳಿಗೆ ನಾವು ಇಡಲ್ಲ' ಎನ್ನುತ್ತಾರೆ. ಇದು ಸರಿಯೇ?

ಇಲ್ಲದ ಔಷಧಿ ಇಲ್ಲ ಎನ್ನಬಹುದು. ಚೀಟಿಯ ಮೇಲೆ ಅನುಮಾನ ಬಂದರೆ ಡಾಕ್ಟರನ್ನು ವಿಚಾರಿಸುವ ತನಕ ತಡೆಹಿಡಿಯಬಹುದು. ಆದರೆ ಸುಮ್ನೆ ರಿಜಿಸ್ಟರ್ ಬರೆಯುವ ಬೇಸರಕ್ಕೆ, ಮನೋರೋಗದ ಔಷಧಿ ಎಂಬ ತಾತ್ಸಾರಕ್ಕೆ ಇಲ್ಲ ಎನ್ನುವುದು ನಮ್ಮ ವೃತ್ತಿಗೆ ಮಾಡುವ ದ್ರೋಹ. ಮೂರ್ಛೆರೋಗದ ಹುಡುಗಿಗೆ ಒಂದು ದಿನ ಗುಳಿಗೆ ತಪ್ಪಿದರೂ ಬಾವಿಯ ಕಟ್ಟೆಯ ಮೇಲೆ ಬೀಳಬಹುದು, ಒಲೆಯ ಮೇಲೆ ಬೀಳಬಹುದು. ನನ್ನ ಹತ್ತಿರ ಇಲ್ಲದಿದ್ದರೆ ಎಲ್ಲಿದೆ ಎಂದು ನಾಲ್ಕು ಅಂಗಡಿಗೆ ಫೋನ್ ಮಾಡುವುದೂ ನನ್ನದೇ ಕೆಲಸ.

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಾರಲ್ಲ?

ಕೊಡುವವರು ಇರಬಹುದು. ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ. ಎನ್‌ಡಿಪಿಎಸ್ ಕೇಸ್ ಬಿದ್ದರೆ, ವಾಣಿಜ್ಯ ಪ್ರಮಾಣ, ಅಂದರೆ ಕಾಯ್ದೆಯಡಿ ಗೊತ್ತುಮಾಡಿದ ದೊಡ್ಡ ತೂಕ, ದಾಟಿದ್ದರೆ ಶಿಕ್ಷೆ 10ರಿಂದ 20 ವರ್ಷ. ತೂಕ ಹಾಕುವಾಗ ಬೆರೆತಿರುವ ಪಾಕ, ಹಿಟ್ಟು ಎಲ್ಲವನ್ನೂ ಸೇರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಬಾಟಲಿಗಳನ್ನು ಚೀಲದಲ್ಲಿ ಸಾಗಿಸುವ ಹುಡುಗರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ದೂರು ಕೊಡಬೇಕೆಂದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆಯಿರಿ.

ಇನ್ನೊಂದು ಮಾತು. ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುಹಾಕಿ ಫಾರ್ಮಸಿಸ್ಟ್ ಬೇರೆ ಊರಲ್ಲಿದ್ದರೆ ಅದು ನಿಯಮ ಅಲ್ಲ. 'ಫಾರ್ಮಸಿಸ್ಟ್ ಯಾರು' ಎಂದು ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ರೋಗಿ ತೀರಿಕೊಂಡರು. ಮಾರ್ಫಿನ್, ಟ್ರಮಡಾಲ್ ಗುಳಿಗೆ ಉಳಿದಿವೆ. ಏನು ಮಾಡಲಿ?

ಬೇರೆಯವರಿಗೆ ಕೊಡಬೇಡಿ, ಅದೇ ಕಾಯಿಲೆ ಇದ್ದರೂ. ಕಸದ ಗಾಡಿಗೆ ಹಾಕಬೇಡಿ, ಆಯುವ ಮಕ್ಕಳ ಕೈಗೆ ಸಿಗುತ್ತವೆ. ಕೊಟ್ಟ ಆಸ್ಪತ್ರೆಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿ. ಆಗದಿದ್ದರೆ, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಶೌಚಾಲಯಕ್ಕೆ ಹಾಕಿ ನೀರು ಬಿಡಬೇಕಾದ 17 ಔಷಧಿಗಳ ಪಟ್ಟಿ ಇದೆ. ಮಾರ್ಫಿನ್, ಟ್ರಮಡಾಲ್, ಡಯಾಜೆಪಾಮ್ ಅದರಲ್ಲಿವೆ. ಸ್ಟ್ರಿಪ್‌ನಿಂದ ಬಿಡಿಸಿ ಹಾಕಿ, ಒಂದು ಬಕೆಟ್ ನೀರು ಹೊಯ್ಯಿರಿ. ಒಬ್ಬರೇ ಮಾಡಲು ಕೈ ಬಾರದಿದ್ದರೆ ಡಬ್ಬಿ ಸಮೇತ ಅಂಗಡಿಗೆ ಬನ್ನಿ. ಯಾವುದನ್ನು ಹೀಗೆ ಹಾಕಬೇಕು, ಯಾವುದನ್ನು ಹಾಕಬಾರದು ಎಂದು ಒಟ್ಟಿಗೆ ಕೂತು ಬೇರೆ ಮಾಡೋಣ.